ಮುಷ್ಟಿಯಲ್ಲಿ ಪುಡಿಯಾಗುವ ಎಲೆ: ಕಾರವಾರದಿಂದ ಮುಂಡಗೋಡಕ್ಕೆ ಐದು ದಿನ

ಮೊದಲ ದಿನ: ಕಾರವಾರ, ಅಂಕೋಲಾ, ಕುಮಟಾ

ಮಾರ್ಚ್ ಎರಡನೇ ವಾರ. ಬೆಳಿಗ್ಗೆ ಏಳಕ್ಕೆ ಮನೆ ಬಾಗಿಲು ತೆಗೆದರೆ ತುಟಿ ಒಣಗಿಸುವ ಗಾಳಿ. ಸಮುದ್ರ ಇರುವುದು ಮನೆಯಿಂದ ಕೂಗಳತೆಯಲ್ಲಿ. ಆದರೆ ಗಾಳಿ ಅಲ್ಲಿಂದ ಬರುತ್ತಿರಲಿಲ್ಲ, ಗುಡ್ಡದ ಕಡೆಯಿಂದ ಇಳಿದು ಬರುತ್ತಿತ್ತು. ಕಾರವಾರದಲ್ಲಿ ಹುಟ್ಟಿ ಬೆಳೆದವರಿಗೆ ಈ ಮೂಡಣ ಗಾಳಿ ಗೊತ್ತು. ಇದು ಮಧ್ಯಾಹ್ನದವರೆಗೂ ಬಿಡದೆ ಬೀಸಿದರೆ ಆ ದಿನ ಸೆಖೆ ತಡೆಯಲಾಗುವುದಿಲ್ಲ.

ಈ ಪ್ರವಾಸಕ್ಕೆ ಕಾರಣ ಒಂದು ಫೋನ್ ಕರೆ. ಕಳೆದ ವರ್ಷ ಇದೇ ತಿಂಗಳು ಶಿರಸಿ ಹತ್ತಿರದ ನನ್ನ ಸೋದರಮಾವನ ಸೊಪ್ಪಿನ ಬೆಟ್ಟಕ್ಕೆ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡಿಗೆ, ಬೆಂಕಿ ಬಿದ್ದಿತ್ತು. ರಾತ್ರಿ ಹನ್ನೆರಡಕ್ಕೆ ಫೋನ್ ಮಾಡಿದ ಮಾವ ಮಾತಾಡಲಾಗದೆ ಅಳುತ್ತಿದ್ದರು. ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ವರ್ಷಕ್ಕೆ 2,500 ಮಿ.ಮೀ. ಆಸುಪಾಸು ಮಳೆ ಬೀಳುವ ಊರಿನಲ್ಲಿ ಕಾಡು ಉರಿಯುವುದಾದರೂ ಹೇಗೆ? ಕರಾವಳಿಯಿಂದ ಮುಂಡಗೋಡದವರೆಗೆ, ಮಳೆ ಕಡಿಮೆಯಾಗುತ್ತಾ ಹೋಗುವ ದಾರಿಯಲ್ಲೇ ಹೋಗಿ ನೋಡೋಣ ಅನ್ನಿಸಿತು. ತಮ್ಮ ಕಾರು ತಂದ.

ಹೊರಡುವ ಮೊದಲು ಮಾವ ಫೋನಿನಲ್ಲೇ ಒಂದು ಕೆಲಸ ಹೇಳಿದ್ದರು. "ದಿನಾ ಮಧ್ಯಾಹ್ನ ಎರಡಕ್ಕೆ ಎಲ್ಲಿದ್ರೂ ಸರಿ, ನೆಲದ ಮೇಲಿನ ಒಂದು ಒಣಎಲೆ ಎತ್ತಿ ಮುಷ್ಟೀಲಿ ಹಿಂಡು. ಏನಾಗ್ತು ಹೇಳಿ ಬರ್ಕೊ ಕೂಸೆ." ಅಷ್ಟೇ. ಯಾಕೆ ಅಂತ ಹೇಳಲಿಲ್ಲ.

ಅಂಕೋಲಾ ದಾಟಿ ಶಿರೂರಿನ ಹತ್ತಿರ ತಮ್ಮ ಕಾರು ನಿಧಾನ ಮಾಡಿದ. 2024ರ ಜುಲೈ 16ರಂದು ಕುಸಿದ ಗುಡ್ಡ. ಇಬ್ಬರೂ ಮಾತಾಡಲಿಲ್ಲ. ಅಂದು ನೀರು ಕುಡಿದು ಕುಡಿದು ಜಾರಿದ ಗುಡ್ಡದ ಆಸುಪಾಸಿನ ಗುಡ್ಡಗಳ ಮೇಲೆ ಈಗ ಹುಲ್ಲು ಒಣಗಿ ಹಳದಿಯಾಗಿ ನಿಂತಿತ್ತು. ಜುಲೈನಲ್ಲಿ ಈ ಕಡೆಯವರು ಮಳೆಗೆ ಹೆದರಿ ನಿದ್ದೆಗೆಡುತ್ತಾರೆ. ಮಾರ್ಚ್‌ನಲ್ಲಿ ಅವೇ ಗುಡ್ಡಗಳು ಬೆಂಕಿಕಡ್ಡಿಗೆ ಕಾಯುತ್ತಿರುತ್ತವೆ.

ಕರಾವಳಿಯ ಮಳೆ ಲೆಕ್ಕ ಹೇಳುವಾಗ ನಾವು ಯಾವಾಗಲೂ ಮೊತ್ತ ಹೇಳುತ್ತೇವೆ. ಮೂರು ಸಾವಿರ ಮಿ.ಮೀ. ಮೇಲೆ ಅಂತ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಅದರಲ್ಲಿ ಹತ್ತಕ್ಕೆ ಎಂಟು ಪಾಲಿಗಿಂತ ಜಾಸ್ತಿ ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಹೆಚ್ಚುಕಡಿಮೆ ಏನೂ ಇಲ್ಲ. ತಿರುವನಂತಪುರವನ್ನು ನೋಡಿ. ಅಲ್ಲಿ ವರ್ಷದ ಮಳೆ ನಮ್ಮ ಅರ್ಧದಷ್ಟೇ. ಆದರೆ ಅಲ್ಲಿ ಏಪ್ರಿಲ್-ಮೇನಲ್ಲೂ ಮಳೆ, ಜೂನ್‌ನಲ್ಲೂ ಮಳೆ, ಅಕ್ಟೋಬರ್-ನವೆಂಬರ್‌ನಲ್ಲೂ ಮಳೆ. ಪೂರ್ತಿ ಒಣಗುವುದು ಎರಡು ಮೂರು ತಿಂಗಳು ಮಾತ್ರ. ಪಶ್ಚಿಮ ಘಟ್ಟದಲ್ಲಿ ದಕ್ಷಿಣದಿಂದ ಉತ್ತರಕ್ಕೆ ಬಂದಂತೆ ಮಳೆಯಿಲ್ಲದ ತಿಂಗಳುಗಳು ಹೆಚ್ಚುತ್ತವೆ. ನಮ್ಮ ಜಿಲ್ಲೆಗೆ ಬರುವಷ್ಟರಲ್ಲಿ ಐದಾರು ತಿಂಗಳಾಗುತ್ತವೆ. ಕಾಡಿಗೆ ಬೇಕಾದದ್ದು ವರ್ಷದ ಮೊತ್ತವಲ್ಲ. ಒಂದು ಮಳೆಗೂ ಇನ್ನೊಂದು ಮಳೆಗೂ ನಡುವೆ ಎಷ್ಟು ದಿನ ಬಾಯಾರಿಕೆ ಎಂಬುದೇ ಅದಕ್ಕೆ ಮುಖ್ಯ.

ಕುಮಟಾ ಹತ್ತಿರ ಚಿರೇಕಲ್ಲಿನ ಬೋಳುಗುಡ್ಡ ಹತ್ತಿದೆವು. ಒಂದು ಬದಿ ಗೇರು, ಇನ್ನೊಂದು ಬದಿ ಸಾಲಾಗಿ ನೆಟ್ಟ ಅಕೇಶಿಯಾ. ಚಿರೇಕಲ್ಲು ನೀರು ಹಿಡಿದಿಡುವುದಿಲ್ಲ. ಮಳೆಗಾಲದಲ್ಲಿ ಇಲ್ಲಿ ಹೂವಿನ ಹಾಸಿಗೆ, ದೀಪಾವಳಿ ಕಳೆಯುವಷ್ಟರಲ್ಲಿ ಕಾದ ಕಾವಲಿ. ಅಕೇಶಿಯಾದ ಕೆಳಗೆ ಕಾಲಿಟ್ಟರೆ ಎಲೆಯ ದಪ್ಪ ಹಾಸು. ಕುಡುಗೋಲಿನಂತೆ ಬಾಗಿದ ಗಡಸು ಎಲೆಗಳು. ಅವು ಬೇಗ ಕೊಳೆಯುವುದಿಲ್ಲ. ಮೇಲಿನದನ್ನು ಕೈಯಿಂದ ಸರಿಸಿದರೆ ಕೆಳಗೆ ಹಳೆಯ ಎಲೆಗಳೂ ಹಾಗೇ ಇದ್ದವು.

ಎರಡು ಗಂಟೆ. ಹುಲ್ಲಿನ ಮಧ್ಯೆ ಬಿದ್ದಿದ್ದ ಗೇರೆಲೆ ಎತ್ತಿ ಹಿಂಡಿದೆ. ಅಷ್ಟರಲ್ಲಿ ಕಡಲ ಗಾಳಿ ಶುರುವಾಗಿತ್ತು. ಎಲೆ ನಾಲ್ಕು ತುಂಡಾಯಿತು, ಪುಡಿಯಾಗಲಿಲ್ಲ. ಬರೆದುಕೊಂಡೆ.

ಎರಡನೇ ದಿನ: ದೇವಿಮನೆ ಘಟ್ಟ ಹತ್ತಿ ಶಿರಸಿಗೆ

ಕುಮಟಾದಿಂದ ಶಿರಸಿಗೆ ಅರವತ್ತು ಕಿಲೋಮೀಟರ್. ದಿವಗಿ, ಕತಗಾಲ ದಾಟಿದ ಮೇಲೆ ದಾರಿ ಏರುತ್ತದೆ. ದೇವಿಮನೆ ಘಟ್ಟದಲ್ಲಿ ಕಿಟಕಿ ಇಳಿಸಿ ಕೂತರೆ ಗಾಳಿಯೇ ಬೇರೆ. ತಂಪು, ಹಸಿ ಮಣ್ಣಿನ ವಾಸನೆ.

ಕಾರಣ ಎಲ್ಲರಿಗೂ ಶಾಲೆಯಲ್ಲಿ ಹೇಳಿಕೊಟ್ಟದ್ದೇ. ಅರಬ್ಬೀ ಸಮುದ್ರದಿಂದ ಬರುವ ಮೋಡ ಈ ಗೋಡೆಗೆ ಬಂದು ಮೇಲೇರುತ್ತದೆ, ತಣ್ಣಗಾಗುತ್ತದೆ, ಇಲ್ಲೇ ಸುರಿಯುತ್ತದೆ. ಗೋಡೆ ದಾಟಿದ ಮೇಲೆ ಅದರಲ್ಲಿ ಉಳಿಯುವುದು ಕಡಿಮೆ. ಆದರೆ ಮಾರ್ಚ್‌ನಲ್ಲಿ ಬಂದು ನೋಡಿದರೆ ಆ ಪಾಠದ ಇನ್ನೊಂದು ಅರ್ಧ ಕಾಣುತ್ತದೆ. ಮಳೆ ನಿಂತು ಐದು ತಿಂಗಳಾಗಿದೆ. ಆದರೂ ಘಟ್ಟದ ಕೊಳ್ಳಗಳಲ್ಲಿ ಸಣ್ಣ ಹಳ್ಳ ಹರಿಯುತ್ತಿತ್ತು. ಒತ್ತೊತ್ತಾದ ಮರಗಳು, ಮೇಲೆ ಕೊಡೆ ಹಿಡಿದಂತೆ ಹಸಿರು, ಕೆಳಗೆ ಕತ್ತಲೆ. ಮೂರು ಸಾವಿರ ಮಿ.ಮೀ. ಮಳೆಯನ್ನು ಕುಮಟಾದ ಬೋಳುಗುಡ್ಡ ಒಂದೇ ತಿಂಗಳಲ್ಲಿ ಸಮುದ್ರಕ್ಕೆ ಬಿಟ್ಟುಕೊಟ್ಟಿತ್ತು. ಅಷ್ಟೇ ಮಳೆಯನ್ನು ಈ ಕಾಡು ಇನ್ನೂ ಬಚ್ಚಿಟ್ಟುಕೊಂಡು ಕೂತಿತ್ತು.

ಒಂದು ತಿರುವಿನಲ್ಲಿ ಇಳಿದು ಹತ್ತು ಹೆಜ್ಜೆ ಒಳಗೆ ಹೋದೆ. ಎಲೆ ಹಿಂಡಿದೆ. ಚರ್ಮದ ಹಾಗೆ ಮಡಚಿಕೊಂಡಿತು. ಕೈಗೆ ತೇವ ಹತ್ತಿತು. ಎಲೆಯ ಹಿಂದೆ ಬಿಳಿ ದಾರದಂಥ ಬೂಜು ಹಬ್ಬಿತ್ತು.

ಬಂಡಲದಲ್ಲಿ ಚಹಾ ಕುಡಿದು ಶಿರಸಿ ತಲುಪಿದಾಗ ಸಂಜೆ. ಈ ವರ್ಷ ಮಾರಿಕಾಂಬಾ ಜಾತ್ರೆ ಇಲ್ಲ. ಜಾತ್ರೆಯಿಲ್ಲದ ವರ್ಷ ಹೋಳಿಗೆ ಬೇಡರ ವೇಷ. ದೂರದಲ್ಲಿ ತಮಟೆ ಅಭ್ಯಾಸ ಕೇಳಿಸುತ್ತಿತ್ತು. ಅತ್ತೆ ಅಪ್ಪೆಹುಳಿ ಮಾಡಿಟ್ಟಿದ್ದರು. ಅಪ್ಪೆಮಿಡಿಯ ಪರಿಮಳಕ್ಕೆ ಎರಡು ಲೋಟ ಕುಡಿದು ಬೇಗ ಮಲಗಿಬಿಟ್ಟೆ.

ಮೂರನೇ ದಿನ: ಮಾವನ ಬೆಟ್ಟ, ಊರ ಕಾನು

ಘಟ್ಟದ ಮೇಲಿನ ಅಡಿಕೆ ಬೆಳೆಗಾರರಿಗೆ ಕಾಡು ಅಂದರೆ ಒಂದೇ ಪದವಲ್ಲ. ಕಾನು ಬೇರೆ, ಬೆಟ್ಟ ಬೇರೆ, ಬೇಣ ಬೇರೆ. ಕಾನು ಎಂದರೆ ಸದಾ ಹಸಿರಾಗಿರುವ ದಟ್ಟ ಕಾಡು. ಬೆಟ್ಟ ಎಂದರೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣಎಲೆ) ತರುವ ಜಾಗ. ಬ್ರಿಟಿಷರ ಕಾಲದಿಂದ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಇದೆ. ಭೂಮಿ ಅರಣ್ಯದ್ದು, ಸೊಪ್ಪು ತರುವ ಹಕ್ಕು ತೋಟದವರದ್ದು. ಬೇಣ ಎಂದರೆ ಹುಲ್ಲುಗಾವಲು. ಅಲ್ಲಿನ ಒಣಹುಲ್ಲಿಗೆ ಕರಡ ಅನ್ನುತ್ತಾರೆ.

ಮೂರಕ್ಕೂ ಬೀಳುವ ಮಳೆ ಒಂದೇ. ಮೂರೂ ಅರ್ಧ ಕಿಲೋಮೀಟರಿನೊಳಗೆ ಇವೆ. ಆದರೆ ಬೆಂಕಿ ಮೂರಕ್ಕೂ ಬೇರೆ ಬೇರೆ ಥರ. ಬೇಣದ ಕರಡ ಬುರ್ರೆಂದು ಹತ್ತಿ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಬೆಟ್ಟದಲ್ಲಿ ಬೆಂಕಿ ದರಕಿನ ಮೇಲೆ ನಿಧಾನ ನಡೆಯುತ್ತದೆ, ಮರದ ಬುಡ ಸುಡುತ್ತದೆ. ಕಾನಿಗೆ ಅದು ಸಾಮಾನ್ಯವಾಗಿ ಹೋಗುವುದೇ ಇಲ್ಲ, ಅಂಚಿಗೆ ಬಂದು ಆರುತ್ತದೆ. ಕಳೆದ ವರ್ಷ ಮಾವನ ಕಡೆ ಮಾತ್ರ ಅಂಚಿನಲ್ಲಿ ಆರಲಿಲ್ಲ.

ಬೆಳಿಗ್ಗೆ ಏಳಕ್ಕೆ ಹೋದೆವು. ದರಕು ಇಬ್ಬನಿಗೆ ಮೆತ್ತಗಾಗಿತ್ತು. ನಡೆದರೆ ಸದ್ದೇ ಇಲ್ಲ. ಮಾವ ಎಲೆ ಎತ್ತಿ ಕೊಟ್ಟರು. ಹಿಂಡಿದೆ. ಬಟ್ಟೆ ಥರ ಮುದುಡಿತು. "ಮಧ್ಯಾಹ್ನ ಮತ್ತೆ ಬಪ್ಪ," ಎಂದರು. ಎರಡಕ್ಕೆ ಅದೇ ಮರದ ಕೆಳಗೆ ಬಂದಾಗ ಒಂದೊಂದು ಹೆಜ್ಜೆಗೂ ಹಪ್ಪಳ ಮುರಿದ ಸದ್ದು. ಎಲೆ ಹಿಂಡಿದರೆ ಅರ್ಧ ಪುಡಿ, ಅರ್ಧ ಚೂರು.

ಆಗ ಮಾವ ಬಿಡಿಸಿ ಹೇಳಿದರು. ಸತ್ತ ಎಲೆಗೆ ತನ್ನದೇ ನೀರಿಲ್ಲ. ಗಾಳಿಯಲ್ಲಿ ತೇವ ಇದ್ದರೆ ಹೀರುತ್ತದೆ, ಇಲ್ಲದಿದ್ದರೆ ಬಿಟ್ಟುಕೊಡುತ್ತದೆ. ತೆಳ್ಳಗಿನ ಎಲೆ, ಹುಲ್ಲಿಗೆ ಅದಕ್ಕೆ ಒಂದೆರಡು ಗಂಟೆ ಸಾಕು. ದಪ್ಪ ಕೊಂಬೆಗೆ ದಿನಗಟ್ಟಲೆ ಬೇಕು, ಬಿದ್ದ ದಿಮ್ಮಿಗೆ ತಿಂಗಳು. ಹಾಗಾಗಿ ಬೆಂಕಿಗೆ ಎರಡು ಗಡಿಯಾರ. ದಿನದ ಗಡಿಯಾರ ಎಲೆಯದ್ದು, ವರ್ಷದ ಗಡಿಯಾರ ಮರದ್ದು. ಬೆಳಿಗ್ಗೆ ಎಸೆದ ಬೀಡಿ ತುಂಡು ಆರಿಹೋಗುವ ಜಾಗದಲ್ಲಿ ಮಧ್ಯಾಹ್ನ ಎಸೆದದ್ದು ಹತ್ತಿಕೊಳ್ಳುತ್ತದೆ.

ಮಾವನ ಬೆಟ್ಟಕ್ಕೆ ಬೆಂಕಿ ಬಂದದ್ದೂ ಮಧ್ಯಾಹ್ನವೇ, ಕೆಳಗಿನ ರಸ್ತೆ ಬದಿಯಿಂದ. ಯಾರು ಹಚ್ಚಿದರೋ, ಯಾರ ಕೈತಪ್ಪೋ ಗೊತ್ತಾಗಲಿಲ್ಲ. ನಮ್ಮ ಕಾಡುಗಳಲ್ಲಿ ತಾನಾಗೇ ಹುಟ್ಟುವ ಬೆಂಕಿ ತೀರಾ ಅಪರೂಪ. ಬಿದಿರು ತಿಕ್ಕಿ ಬೆಂಕಿ ಹುಟ್ಟುತ್ತದೆ ಎಂದು ಈಗಲೂ ಹೇಳುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಹೊಸ ಹುಲ್ಲು ಬರಲಿ ಅಂತ ಹಚ್ಚಿದ್ದು, ಜೇನು ಕೀಳುವಾಗ ಬಿದ್ದ ಕೊಳ್ಳಿ, ಅಡುಗೆ ಮಾಡಿ ಆರಿಸದೆ ಹೋದ ಒಲೆ, ಸಿಗರೇಟು. ಇಷ್ಟರಲ್ಲೇ ಹೆಚ್ಚಿನ ಲೆಕ್ಕ ಮುಗಿಯುತ್ತದೆ.

ಬೆಂಕಿ ಇಳಿಜಾರಿನಲ್ಲಿ ಮೇಲೇರಿತು. ಬೆಂಕಿಗೆ ಏರು ಅಂದರೆ ಇಳಿಜಾರು ಇದ್ದ ಹಾಗೆ. ಜ್ವಾಲೆ ಬಾಗಿ ಮುಂದಿನ ಎಲೆಯನ್ನು ಮೊದಲೇ ಒಣಗಿಸುತ್ತಾ ಹೋಗುತ್ತದೆ. ಏರು ಹತ್ತು ಡಿಗ್ರಿ ಜಾಸ್ತಿಯಾದರೆ ವೇಗ ಸುಮಾರು ಎರಡು ಪಟ್ಟು. ಊರಿನ ಇಪ್ಪತ್ತು ಜನ ಹಸಿಸೊಪ್ಪಿನ ಕೊಂಬೆ ಹಿಡಿದು ಬಡಿದರು. ಅಡಿಕೆಗೆ ಔಷಧಿ ಹೊಡೆಯುವ ಪಂಪಿನಲ್ಲಿ ನೀರು ಹೊಡೆದರು. ಮುಂದೆ ಹೋಗಿ ದರಕು ಗುಡಿಸಿ ದಾರಿ ಕಡಿದರು. ಕೊನೆಗೆ ಬೆಂಕಿಯನ್ನು ಮಲಗಿಸಿದ್ದು ರಾತ್ರಿಯ ಇಬ್ಬನಿ. ಮಾವ ಫೋನ್ ಮಾಡಿದ್ದು ಅದಾದ ಮೇಲೆ.

ಸುಟ್ಟ ಜಾಗಕ್ಕೆ ಕರೆದುಕೊಂಡು ಹೋದರು. ವರ್ಷ ಕಳೆದಿತ್ತು, ನಡುವೆ ಒಂದು ಪೂರ್ತಿ ಮಳೆಗಾಲ ಸುರಿದಿತ್ತು. ಬೆಟ್ಟದ ಮತ್ತಿ, ಕವಲು ಮರಗಳು ಬುಡ ಕಪ್ಪಾಗಿದ್ದರೂ ಚಿಗುರಿದ್ದವು. ಅವುಗಳ ತೊಗಟೆ ದಪ್ಪ. ಕಾನಿನ ಅಂಚಿನ ಕಥೆ ಬೇರೆ. ಅಲ್ಲಿ ಒಂದು ಉಪ್ಪಾಗೆ ಮರ. ನನ್ನ ತೊಡೆಯಷ್ಟು ದಪ್ಪ ಇತ್ತು. ಬೆಂಕಿ ಅದರ ಬುಡಕ್ಕೆ ಮೊಣಕಾಲೆತ್ತರ ಮಾತ್ರ ತಾಗಿತ್ತು. ಎಲೆ ಸುಟ್ಟಿರಲಿಲ್ಲ, ಕೊಂಬೆ ಸುಟ್ಟಿರಲಿಲ್ಲ. ಆದರೆ ತೊಗಟೆ ಸೀಳಿ, ಬೆರಳಿನಿಂದ ಎಳೆದರೆ ಹಾಳೆಯ ಹಾಗೆ ಕಿತ್ತು ಬಂತು. ಒಳಗೆ ಒಣಮರ. ಇಡೀ ಮರ ನಿಂತಲ್ಲೇ ಸತ್ತಿತ್ತು. ಅದರ ಸುತ್ತ ರಾಮಪತ್ರೆಯ ಸಸಿಗಳು ಇದ್ದವಂತೆ. ಈಗ ಒಂದೂ ಇಲ್ಲ. ಕಾನಿನ ಮರಗಳಿಗೆ ಸಾವಿರಾರು ವರ್ಷ ಬೆಂಕಿಯ ಪರಿಚಯವೇ ಇರಲಿಲ್ಲ, ದಪ್ಪ ತೊಗಟೆ ಕಟ್ಟಿಕೊಳ್ಳುವ ಅಗತ್ಯವೇ ಬಿದ್ದಿರಲಿಲ್ಲ.

ಸತ್ತ ಮರದ ಮೇಲಿನಿಂದ ಬಿಸಿಲು ನೇರ ನೆಲಕ್ಕೆ ಬೀಳುತ್ತಿತ್ತು. ಆ ಬಿಸಿಲಿನಲ್ಲಿ ಯುಪಟೋರಿಯಂ ಕಳೆ ಸೊಂಟದೆತ್ತರ ಬೆಳೆದು ಒಣಗಿ ನಿಂತಿತ್ತು. ನಡುವೆ ಹುಲ್ಲು. ಎಲೆ ಹಿಂಡಲು ಬಗ್ಗಿದೆ. ಪುಡಿ. ಪೂರ್ತಿ ಪುಡಿ. ಹತ್ತು ಮಾರು ಆಚೆ, ಕಾನಿನ ನೆರಳಿನಲ್ಲಿ ಎತ್ತಿದ ಎಲೆ ಮಾತ್ರ ಚರ್ಮದ ಹಾಗೆ ಮಡಚಿಕೊಂಡಿತು.

"ಒಂದ್ಸಲ ಬೆಂಕಿ ಬಿದ್ರೆ ಮೊದಲಿನಂಗೆ ಆಗ್ತಿಲ್ಲೆ ಕೂಸೆ," ಎಂದರು ಮಾವ. "ಮುಂದಿನ ಸಲ ಬೆಂಕಿ ಇಲ್ಲಿಂದ್ಲೇ ಒಳಗೆ ಹೋಗ್ತು."

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ಶಿರಸಿಯ ಕಾನು ಉರಿಯದೆ ಇದ್ದದ್ದು ಜಾಸ್ತಿ ಮಳೆಯಿಂದ ಮಾತ್ರವಲ್ಲ. ತನ್ನ ನೆರಳಿನಲ್ಲಿ ತಾನೇ ಒಂದು ಹವಾಮಾನ ಕಟ್ಟಿಕೊಂಡಿತ್ತು. ಆ ಚಾವಣಿಗೆ ಒಂದು ತೂತು ಬಿದ್ದರೆ ಸಾಕು, ಆ ತೂತಿನ ಕೆಳಗೆ ಹವಾಮಾನ ಬದಲಾಗುತ್ತದೆ. ಮಳೆ ಶಿರಸಿಯದ್ದೇ, ನೆಲ ಮಾತ್ರ ಮುಂಡಗೋಡದ್ದು.

ಇನ್ನೊಂದು ವಿಷಯ ದಾರಿಯಲ್ಲಿ ಗಮನಕ್ಕೆ ಬಂತು. ಹಿಂದೆ ಚಳಿಗಾಲ ಮುಗಿಯುತ್ತಿದ್ದಂತೆ ಎಲ್ಲರ ಮನೆಯವರೂ ದರಕು ಗುಡಿಸಿ, ಕಲ್ಲಿ (ಹಗ್ಗದ ಬಲೆಚೀಲ) ತುಂಬಿ ಕೊಟ್ಟಿಗೆಗೆ ಹೊರುತ್ತಿದ್ದರು. ಬೆಟ್ಟದ ನೆಲ ಅಂಗಳದಷ್ಟು ಚೊಕ್ಕ. ಬೆಂಕಿಗೆ ತಿನ್ನಲು ಏನೂ ಇರುತ್ತಿರಲಿಲ್ಲ. ಈಗ ದನ ಕಡಿಮೆ, ಆಳು ಸಿಗುವುದಿಲ್ಲ, ಮಕ್ಕಳು ಬೆಂಗಳೂರಿನಲ್ಲಿ. ದರಕು ಬಿದ್ದಲ್ಲೇ ಉಳಿಯುತ್ತದೆ. ಪೂರ್ತಿ ಗುಡಿಸಿದರೆ ಮಣ್ಣು ಬಡವಾಗುತ್ತದೆ, ನಿಜ. ಆದರೆ ಬೆಟ್ಟದ ರಸ್ತೆ ಬದಿಯ ಒಂದು ಪಟ್ಟಿಯನ್ನಾದರೂ ಗುಡಿಸಿ ಇಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಾವ ಈ ವರ್ಷ ಅದನ್ನು ಮಾಡಿದ್ದಾರೆ. ಒಬ್ಬರೇ, ಅರವತ್ತೆಂಟರ ವಯಸ್ಸಿನಲ್ಲಿ.

ನಾಲ್ಕನೇ ದಿನ: ಮುಂಡಗೋಡ

ಇಸಳೂರು, ಎಕ್ಕಂಬಿ ದಾಟಿ ಮಳಗಿ ಕಡೆ ಹೋಗುವಾಗ ಬದಲಾವಣೆ ಮೈಲಿ ಮೈಲಿಗೂ ಕಾಣುತ್ತದೆ. ಮೊದಲು ಅಡಿಕೆ ತೋಟ ತೆಳುವಾಗುತ್ತದೆ. ಆಮೇಲೆ ಗದ್ದೆ. ಆಮೇಲೆ ಹಂಚಿನ ಮನೆಯ ಮಾಡಿನ ಇಳಿಜಾರು ಕಡಿಮೆಯಾಗುತ್ತದೆ. ಮಾತಿನಲ್ಲಿ "ರೀ" ಬರುತ್ತದೆ. ಶಿರಸಿಯೂ ಮುಂಡಗೋಡವೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿವೆ. ಆದರೆ ಮುಂಡಗೋಡಕ್ಕೆ ಬೀಳುವ ಮಳೆ 1,200 ಮಿ.ಮೀ. ಆಸುಪಾಸು, ಶಿರಸಿಯ ಅರ್ಧ. ಕುಮಟಾದಿಂದ ಲೆಕ್ಕ ಹಿಡಿದರೆ ಬರೀ ನೂರಹತ್ತು ಕಿಲೋಮೀಟರ್ ದಾರಿಯಲ್ಲಿ ಮಳೆ ಮೂರರಲ್ಲಿ ಒಂದು ಪಾಲಿಗೆ ಇಳಿದುಬಿಡುತ್ತದೆ.

ಸಾಗವಾನಿ ಕಾಡು ಎಲೆ ಉದುರಿಸಿ ಬೆತ್ತಲೆ ನಿಂತಿತ್ತು. ಮಾರ್ಚ್ ಬಿಸಿಲು ನೆಲದವರೆಗೂ ಬಿದ್ದಿತ್ತು. ಇಲ್ಲಿ ಒಂದೊಂದು ಎಲೆಯೂ ಊಟದ ಎಲೆಯಷ್ಟು ಅಗಲ. ಮೊಣಕಾಲವರೆಗೆ ಹೂತುಕೊಂಡು ನಡೆದೆವು. ಸದ್ದಿಗೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಹಿಂಡುವ ಅಗತ್ಯವೇ ಇರಲಿಲ್ಲ, ಕೈಯಲ್ಲಿ ಹಿಡಿದರೇ ಅಂಚು ಉದುರುತ್ತಿತ್ತು. ಎರಡು ಗಂಟೆಗೆ ಹಿಂಡಿದ್ದು ಅಡಿಕೆ ಪುಡಿಯಂತೆ ಬೆರಳ ಸಂದಿಯಿಂದ ಸೋರಿತು. ಇನ್ನೆರಡು ಎಲೆ ಚೀಲಕ್ಕೆ ಹಾಕಿಕೊಂಡೆ.

ಬೆಂಕಿ ರೇಖೆಯ ಮೇಲೆ ಒಬ್ಬ ಕಾವಲುಗಾರರು ಸಿಕ್ಕರು. ಬೇಸಿಗೆಯ ನಾಲ್ಕು ತಿಂಗಳು ಇಂಥವರನ್ನು ಅರಣ್ಯ ಇಲಾಖೆ ನೇಮಿಸಿಕೊಳ್ಳುತ್ತದೆ. ಡಿಸೆಂಬರ್-ಜನವರಿಯಲ್ಲೇ ಪಟ್ಟಿ ಕಡಿದು, ಕಸ ಸುಟ್ಟು, ಬೆಂಕಿ ದಾಟದ ಹಾಗೆ ಬರಿನೆಲ ಮಾಡಿರುತ್ತಾರೆ. ಎಲೆ ದಿನಾ ಉದುರುತ್ತದೆ, ದಿನಾ ಗುಡಿಸಬೇಕು. ಒಂದು ಕೋಲು, ಒಂದು ನೀರಿನ ಬಾಟಲಿ, ರಬ್ಬರ್ ಚಪ್ಪಲಿ. ಆ ಚಪ್ಪಲಿ ನೋಡಿ ನನಗೆ ಸಂಕಟವಾಯಿತು. ಉರಿಯುವ ನೆಲದ ಮೇಲೆ ನಿಲ್ಲುವವರಿಗೆ ಬೂಟು ಬೇಡವೇ?

"ಈ ಕಡೆ ಬೆಂಕಿ ಹೊಸಾದಲ್ರಿ ಅಕ್ಕಾರ," ಎಂದರು ಅವರು. "ದೊಡ್ಡ ಗಿಡಾ ಸಾಯೂದಿಲ್ರಿ, ಚಿಗರತಾವ. ಆದ್ರ ವರ್ಷಾ ಬಿದ್ರ ಸಣ್ಣ ಸಸಿ ಮ್ಯಾಲ ಏಳೂದಿಲ್ರಿ. ಈ ಮುದುಕ ಗಿಡಾ ಸತ್ತಮ್ಯಾಲ ಹಿಂದ ಯಾರದಾರ?"

ಒಂದು ಮತ್ತಿ ಮರದ ಹತ್ತಿರ ಕರೆದು ತೋರಿಸಿದರು. ತೊಗಟೆ ಮೊಸಳೆಯ ಬೆನ್ನಿನ ಹಾಗೆ ಚೌಕಚೌಕವಾಗಿ ಸೀಳಿತ್ತು. ಸೀಳಿನೊಳಗೆ ಮಸಿ. ಬೆರಳಿಟ್ಟೆ, ಮೊದಲ ಗೆಣ್ಣಿನವರೆಗೆ ಹೋಯಿತು. ಅಷ್ಟು ದಪ್ಪ. ನಿನ್ನೆಯ ಉಪ್ಪಾಗೆಯ ತೊಗಟೆ ನೆನಪಾಯಿತು. ಹಾಳೆಯಂತೆ ಕಿತ್ತು ಬಂದಿತ್ತಲ್ಲ.

ಬೆಂಕಿಗೆ ಎರಡು ಬೇಕು. ಉರಿಯಲು ಸೊಪ್ಪು ಬೇಕು, ಆ ಸೊಪ್ಪು ಒಣಗಬೇಕು. ಸೊಪ್ಪು ಕೊಡುವುದು ಮಳೆ, ಒಣಗಿಸುವುದು ಮಳೆಯಿಲ್ಲದ ದಿನಗಳು. ದೇವಿಮನೆಯ ಕೊಳ್ಳದಲ್ಲಿ ಸೊಪ್ಪು ಬೇಕಾದಷ್ಟಿದೆ, ಒಣಗುವುದಿಲ್ಲ. ಇನ್ನೂ ಮೂಡಣಕ್ಕೆ, ಹುಬ್ಬಳ್ಳಿ ದಾಟಿ ಬಯಲಿಗೆ ಹೋದರೆ ಎಲ್ಲವೂ ಒಣಗಿದೆ, ಆದರೆ ಬೆಂಕಿ ಓಡುವಷ್ಟು ಸೊಪ್ಪಿಲ್ಲ. ನಡುವಿನ ಮುಂಡಗೋಡ, ಹಳಿಯಾಳದ ಕಾಡಿನಲ್ಲಿ ಎರಡೂ ಇವೆ. ಅದಕ್ಕೇ ಬೆಂಕಿ ಬೀಳುವುದು ಇಲ್ಲಿ ಜಾಸ್ತಿ. ಒಳ್ಳೆಯ ಮಳೆ ಬಂದ ವರ್ಷ ಬೆಂಕಿ ಕಡಿಮೆ ಅಂತ ನಾನು ಸುಮ್ನೆ ಅಂದುಕೊಂಡಿದ್ದೆ. ಒಳ್ಳೆಯ ಮಳೆ ಬಂದರೆ ಹುಲ್ಲೂ ಎತ್ತರ. ಆ ಹುಲ್ಲು ಮಾರ್ಚ್‌ನಲ್ಲಿ ಒಣಗಲೇಬೇಕಲ್ವಾ.

ಈ ಕಡೆಗೆ ಒಂದು ಭಾಗ್ಯ ಇದೆ. ಏಪ್ರಿಲ್‌ನಲ್ಲಿ ಗುಡುಗಿನ ಅಡ್ಡಮಳೆ ಬರುತ್ತದೆ. "ರೇವತಿ, ಅಶ್ವಿನಿ ಒಂದೆರಡು ಹನಿ ಚೆಲ್ಲಿದ್ರ ನಾವು ಉಸಿರು ಬಿಡತೇವ್ರಿ," ಎಂದರು ಕಾವಲುಗಾರರು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ರೈತರು ಹೇಳುತ್ತಾರೆ. ಭರಣಿ ಕೈಕೊಟ್ಟ ವರ್ಷ ಇವರ ಕಾವಲು ಮೇ ಕೊನೆಯವರೆಗೂ ಎಳೆಯುತ್ತದೆ. 2023ರಲ್ಲಿ ಮುಂಗಾರೇ ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಮುಂದಿನ ಬೇಸಿಗೆಯಲ್ಲಿ ಕಾಡಿನ ಹೊಂಡಗಳಲ್ಲಿ ನೀರೇ ಇರಲಿಲ್ಲ, ಬೆಂಕಿ ಆರಿಸುವವರಿಗೆ ಕುಡಿಯುವ ನೀರನ್ನೂ ಊರಿನಿಂದ ಹೊರಬೇಕಾಯಿತು ಎಂದರು.

ಈಗ ಬೆಂಕಿಯ ಸುದ್ದಿ ಉಪಗ್ರಹದಿಂದ ಸಿಬ್ಬಂದಿಯ ಮೊಬೈಲಿಗೆ ಬರುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣೆ 2004ರಿಂದ ಈ ಎಚ್ಚರಿಕೆ ಕೊಡುತ್ತಿದೆ. ಒಳ್ಳೆಯ ಕೆಲಸ, ಅನುಮಾನವಿಲ್ಲ. ಆದರೆ ಮಳೆಯ ವ್ಯತ್ಯಾಸ ಇಲ್ಲೂ ಆಟ ಆಡುತ್ತದೆ. ಉಪಗ್ರಹದ ಕಣ್ಣಿಗೆ ನೆಲ 375 ಮೀಟರಿನ ಚೌಕಗಳಾಗಿ ಕಾಣುತ್ತದೆ. ಅದು ನಮ್ಮ ಮೇಲೆ ಹಾದುಹೋಗುವುದು ಮಧ್ಯಾಹ್ನ, ನಡುರಾತ್ರಿ ಒಂದೂವರೆ ಸುಮಾರಿಗೆ. ಮುಂಡಗೋಡದ ಬೋಳು ಸಾಗವಾನಿ ಕಾಡಿನ ಬೆಂಕಿ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಮಾವನ ಕಾನಿನ ಅಂಚಿನಲ್ಲಿ, ಹಸಿರು ಚಾವಣಿಯ ಕೆಳಗೆ, ಮೊಣಕಾಲೆತ್ತರದ ಬೆಂಕಿ ಮಧ್ಯಾಹ್ನ ಮೂರಕ್ಕೆ ಹೊತ್ತಿಕೊಂಡರೆ? ರಾತ್ರಿವರೆಗೆ ಅದನ್ನು ನೋಡುವ ಕಣ್ಣು ಮೇಲೆ ಇಲ್ಲ. ಅದು ದೊಡ್ಡದೂ ಅಲ್ಲ, ಬಿಸಿಯೂ ಅಲ್ಲ. ಹಾಗಾಗಿ ಲೆಕ್ಕಕ್ಕೆ ಬರುವ ಬೆಂಕಿಯಲ್ಲಿ ಮುಂಡಗೋಡ ಮುಂದೆ. ಮತ್ತೆ ಬಾರದ ಹಾಗೆ ಹೋಗುವ ಮರದ ಲೆಕ್ಕ ಯಾರಾದರೂ ಇಟ್ಟರೆ ಕಾನು ಮುಂದೆ ಬರುತ್ತದೆ ಎಂದೇ ನನ್ನ ನಂಬಿಕೆ.

ರಾತ್ರಿ ಜೋಳದ ರೊಟ್ಟಿ ಊಟ. ಚಳಿಯಿಲ್ಲ, ಇಬ್ಬನಿಯೂ ಇಲ್ಲ. ಹೊರಗಿಟ್ಟ ಕಾರಿನ ಗಾಜು ಬೆಳಿಗ್ಗೆಯೂ ಒಣಗಿಯೇ ಇತ್ತು.

ಐದನೇ ದಿನ: ಯಲ್ಲಾಪುರ, ಅರಬೈಲು, ಮನೆ

ಯಲ್ಲಾಪುರಕ್ಕೆ ಬಂದು ಅರಬೈಲು ಘಟ್ಟ ಇಳಿದೆವು. ಲಾರಿಗಳ ಸಾಲು. ಒಂದು ತಿರುವಿನಲ್ಲಿ ರಸ್ತೆ ಬದಿಯ ಹುಲ್ಲಿನಿಂದ ತೆಳ್ಳಗೆ ಹೊಗೆ. ತಮ್ಮ ಕಾರು ಬದಿಗೆ ಹಾಕಿದ. ಚಾಪೆಯಷ್ಟು ಜಾಗ ಸುಟ್ಟಿತ್ತು. ಅವನು ಹಸಿ ಕೊಂಬೆ ಮುರಿದು ಬಡಿದ, ನಾನು ಕಾರಿನಲ್ಲಿದ್ದ ನೀರೆಲ್ಲ ಸುರಿದೆ. ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ ಜಾಗ ಹೇಳಿದೆವು. ಐದು ನಿಮಿಷದ ಕೆಲಸ. ಕೈ ನಡುಗುತ್ತಿತ್ತು. ಮೇಲೆ ನೋಡಿದರೆ ಕಡಿದಾದ ಏರು, ಅದರ ತುದಿಯವರೆಗೂ ಒಣ ಎಲೆ.

ಈ ಘಟ್ಟದ ಮಳೆಯೂ ಕಡಿಮೆಯದ್ದಲ್ಲ. ಪಕ್ಕದ ಗೋವಾದ್ದೂ ಕಡಿಮೆಯಲ್ಲ. ಆದರೂ 2023ರ ಮಾರ್ಚ್‌ನಲ್ಲಿ ಗೋವಾದ ಮಹದಾಯಿ ಅಭಯಾರಣ್ಯದ ಕಾಡು ದಿನಗಟ್ಟಲೆ ಉರಿಯಿತು. ನೌಕಾಪಡೆಯ ಹೆಲಿಕಾಪ್ಟರ್ ನೀರು ಹೊತ್ತು ಸುರಿಯಬೇಕಾಯಿತು. ಅದಕ್ಕಿಂತ ಮೊದಲಿನ ಫೆಬ್ರುವರಿಯಲ್ಲಿ ದೇಶದ ಸರಾಸರಿ ಗರಿಷ್ಠ ಉಷ್ಣಾಂಶ 1901ರಿಂದೀಚೆಗೇ ಅತಿ ಹೆಚ್ಚು. ಕರಾವಳಿಯಲ್ಲಿ ಮಾರ್ಚ್ ಬಂತೆಂದರೆ ಕಡಲ ಗಾಳಿ ಎಷ್ಟು ಗಂಟೆಗೆ ಶುರುವಾಗುತ್ತದೆ ಎನ್ನುವುದೇ ಎಲ್ಲ. ಹನ್ನೊಂದಕ್ಕೆ ಬಂದರೆ ಬಚಾವ್. ಮೂಡಣ ಗಾಳಿ ಬಿಡದೆ ಎರಡು ಗಂಟೆವರೆಗೆ ತಡೆದರೆ ಕಾರವಾರದಲ್ಲೂ 37, 38 ಡಿಗ್ರಿ ದಾಟುತ್ತದೆ. ಬಯಲುಸೀಮೆಯಲ್ಲಿ 40 ದಾಟದೆ ಬಿಸಿಗಾಳಿ ಎನ್ನದ ಹವಾಮಾನ ಇಲಾಖೆ ಕರಾವಳಿಗೆ 37ಕ್ಕೇ ಆ ಮಾತು ಎತ್ತುತ್ತದೆ.

ಸುಂಕಸಾಳ, ಅಂಕೋಲಾ, ಮನೆ. ಸಂಜೆ ಏಳು. ಸಮುದ್ರದಿಂದ ಜೋರು ಗಾಳಿ, ಕೈಗೆಲ್ಲ ಅಂಟು. ಚೀಲದಿಂದ ಮುಂಡಗೋಡದ ಎರಡು ಸಾಗವಾನಿ ಎಲೆ ತೆಗೆದು ಕಿಟಕಿಯಲ್ಲಿಟ್ಟೆ. ಊಟ ಮುಗಿಸಿ ಬಂದು ಒಂದನ್ನು ಹಿಂಡಿದೆ. ಮುರಿಯಲಿಲ್ಲ. ಮೆತ್ತಗೆ ಮಡಚಿಕೊಂಡಿತು. ಬಿಟ್ಟರೆ ಮತ್ತೆ ನಿಧಾನ ಬಿಚ್ಚಿಕೊಂಡಿತು. ನಿನ್ನೆ ಬೆರಳ ಸಂದಿಯಲ್ಲಿ ಸೋರಿದ್ದೂ ಅದೇ ಮರದ ಎಲೆ.

ಬೆಳಿಗ್ಗೆ ಎದ್ದಾಗ ಗಾಳಿ ತಿರುಗಿತ್ತು, ಗುಡ್ಡದ ಕಡೆಯಿಂದ. ಒಂಬತ್ತೂವರೆಗೆ ಇನ್ನೊಂದು ಎಲೆ ತೆಗೆದುಕೊಂಡೆ. ಮುಷ್ಟಿ ಬಿಗಿ ಮಾಡುವ ಮೊದಲೇ ಚಟ್ ಎಂದಿತು. ಮಾವನಿಗೆ ಫೋನ್ ಮಾಡಿದೆ. "ಇಲ್ಲೂ ಗಾಳಿ ಒಣಗಿದ್ದು," ಎಂದರು. "ಇವತ್ತು ಬೆಟ್ಟ ಬಿಟ್ಟು ಬತ್ತಿಲ್ಲೆ."